ತರ್ಕವನ್ನೂ ಬರೆದರು, ಕೃಷ್ಣನನ್ನೂ ಕರೆದರು

(ಪದವಿ ವಿದ್ಯಾರ್ಥಿಗಳ ಮುಂದೆ ‘ಧಾರ್ಮಿಕ ನಂಬಿಕೆ ಮತ್ತು ವಿಚಾರ’ ಎಂಬ ವಿಷಯದ ಮೇಲೆ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಕೆಲವು ಕಡೆ ತಿದ್ದಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

‘ಕೃಷ್ಣಾ ನೀ ಬೇಗನೆ ಬಾರೋ’ ಹಾಡು ನಿಮಗೆಲ್ಲ ಗೊತ್ತು. ಸಂಗೀತ ಕಲಿಯದವರಿಗೂ ಗೊತ್ತು. ಅದನ್ನು ಬರೆದವರು ವ್ಯಾಸರಾಯರು. ಸುಮಾರು 1460ರಲ್ಲಿ ಮೈಸೂರು ಸೀಮೆಯ ಬನ್ನೂರಿನಲ್ಲಿ ಹುಟ್ಟಿದವರು. ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಹತ್ತಿರ ಓದಿದವರು. ವಿಜಯನಗರದ ಕೃಷ್ಣದೇವರಾಯ ಗೌರವಿಸಿದ ಯತಿಗಳು. 1539ರಲ್ಲಿ ಬೃಂದಾವನಸ್ಥರಾದರು. ಆನೆಗೊಂದಿಯ ಹತ್ತಿರ, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ಅವರ ಬೃಂದಾವನ ಇದೆ.

ಇದೇ ವ್ಯಾಸರಾಯರು ‘ತರ್ಕತಾಂಡವ’ ಎಂಬ ಸಂಸ್ಕೃತ ಗ್ರಂಥವನ್ನೂ ಬರೆದಿದ್ದಾರೆ. ಅದರಲ್ಲಿ ಹಾಡಿಲ್ಲ, ಕಥೆಯಿಲ್ಲ. ತಿಳಿವಳಿಕೆ ಅಂದರೆ ಏನು? ನಮಗೆ ತಿಳಿದದ್ದು ನಿಜ ಅಂತ ಹೇಗೆ ಗೊತ್ತಾಗುತ್ತದೆ? ಒಂದನ್ನು ನೋಡಿ ಇನ್ನೊಂದನ್ನು ಊಹಿಸುವುದು ಯಾವಾಗ ಸರಿ, ಯಾವಾಗ ತಪ್ಪು? ಪುಟದಿಂದ ಪುಟಕ್ಕೆ ಇಂಥ ಪ್ರಶ್ನೆಗಳೇ. ಆ ಕಾಲಕ್ಕೆ ತರ್ಕದ ದೊಡ್ಡ ಕೇಂದ್ರವಾಗಿದ್ದದ್ದು ಬಿಹಾರದ ಕಡೆಯ ಮಿಥಿಲೆ. ಅಲ್ಲಿಯ ನ್ಯಾಯಶಾಸ್ತ್ರವನ್ನು, ಅಂದರೆ ತರ್ಕಶಾಸ್ತ್ರವನ್ನು, ಅವರದೇ ಅಖಾಡದಲ್ಲಿ ಎದುರಿಸಿದ ಗ್ರಂಥ ಇದು.

ಹಾಡು ಬರೆದವರೂ ಇವರೇ, ತರ್ಕ ಬರೆದವರೂ ಇವರೇ. ಇದು ನಮಗೆ ಆಶ್ಚರ್ಯ ಅನ್ನಿಸುತ್ತದೆ, ಅಲ್ವಾ? ಯಾಕೆಂದರೆ ಇವತ್ತು ‘ನಂಬಿಕೆ’ ಮತ್ತು ‘ವಿಚಾರ’ ಅಂದ ಕೂಡಲೇ ಎರಡು ಗುಂಪು ಆಗಿಬಿಡುತ್ತದೆ. ಒಂದು ಗುಂಪಿನವರು, ದೇವರ ವಿಷಯದಲ್ಲಿ ಬುದ್ಧಿ ಉಪಯೋಗಿಸಬೇಡಿ ಅನ್ನುತ್ತಾರೆ. ಇನ್ನೊಂದು ಗುಂಪಿನವರು, ಬುದ್ಧಿ ಇದ್ದವರು ದೇವರ ತಂಟೆಗೇ ಹೋಗುವುದಿಲ್ಲ ಅನ್ನುತ್ತಾರೆ. ವ್ಯಾಸರಾಯರನ್ನು ಯಾವ ಗುಂಪಿಗೆ ಸೇರಿಸೋಣ? ನನ್ನ ಮಟ್ಟಿಗೆ ಇಡೀ ವಿಷಯವೇ ಈ ಪ್ರಶ್ನೆಯಲ್ಲಿದೆ. ಹಾಗಾಗಿ ಮೊದಲು ಅವರ ಜಗಳದ ಕಥೆ ಹೇಳುತ್ತೇನೆ.

ವ್ಯಾಸರಾಯರು ಮಧ್ವಾಚಾರ್ಯರ ದ್ವೈತ ಪರಂಪರೆಯವರು. ಅವರ ಎದುರಾಳಿಗಳು ಅದ್ವೈತಿಗಳು. ಈ ಜಗತ್ತು ಕೊನೆಗೆ ನಿಜವಲ್ಲ, ಮಿಥ್ಯೆ ಎಂದು ಅದ್ವೈತಿಗಳು ಹೇಳುತ್ತಿದ್ದರು. ಜಗತ್ತು ನಿಜ, ದೇವರೂ ನಿಜ, ನಾವೂ ನಿಜ ಎಂದು ದ್ವೈತಿಗಳು ಹೇಳುತ್ತಿದ್ದರು. ಇದನ್ನು ವಾದಿಸಲು ವ್ಯಾಸರಾಯರು ‘ನ್ಯಾಯಾಮೃತ’ ಬರೆದರು. ಬರೆಯುವ ಮೊದಲು ಏನು ಮಾಡಿದರು ಗೊತ್ತಾ? ‘ಮಿಥ್ಯೆ’ ಅಂದರೆ ಏನು ಎಂದು ಬೇರೆ ಬೇರೆ ಅದ್ವೈತ ಪಂಡಿತರು ಬೇರೆ ಬೇರೆ ಕಾಲದಲ್ಲಿ ವಿವರಿಸಿದ್ದರು. ವ್ಯಾಸರಾಯರು ಅವರ ಗ್ರಂಥಗಳನ್ನೆಲ್ಲ ಓದಿ, ಐದು ವಿವರಣೆಗಳನ್ನು ಹೆಕ್ಕಿ, ಒಂದು ಕಡೆ ಇಟ್ಟರು. ಆಮೇಲೆ ಒಂದೊಂದನ್ನೇ ಹಿಡಿದು ಪ್ರಶ್ನಿಸಿದರು.

ಕಾಶಿಯಲ್ಲಿ ಮಧುಸೂದನ ಸರಸ್ವತಿ ಎಂಬ ಅದ್ವೈತ ಸನ್ಯಾಸಿ ಇದಕ್ಕೆ ಉತ್ತರ ಬರೆದರು. ಅದೇ ‘ಅದ್ವೈತಸಿದ್ಧಿ’. ಅವರು, ನಮ್ಮ ಮತವನ್ನು ತಿರುಚಿ ಹೇಳಿದ್ದೀರಿ ಎಂದು ಕೂಗಾಡಲಿಲ್ಲ. ಎದುರಾಳಿ ಹೆಕ್ಕಿ ಇಟ್ಟ ಆ ಐದು ವಿವರಣೆಗಳನ್ನೇ ತೆಗೆದುಕೊಂಡು, ಒಂದೊಂದನ್ನೂ ಸಮರ್ಥಿಸಲು ಕೂತರು. ಮುಂದೆ ಅದ್ವೈತ ಓದುವವರೂ ತಮ್ಮ ಮತದ ಆ ಐದು ವಿವರಣೆಗಳನ್ನು ಇದೇ ಕ್ರಮದಲ್ಲಿ ಕಲಿತರು. ವಿರೋಧಿ ಮಾಡಿಟ್ಟ ಪಟ್ಟಿ ಇವರಿಗೆ ಪಠ್ಯ ಆಯಿತು. ಎದುರಾಳಿಯ ಮಾತನ್ನು ಎಷ್ಟು ಪ್ರಾಮಾಣಿಕವಾಗಿ ಓದಿದ್ದರೆ ಹೀಗೆ ಆಗಲು ಸಾಧ್ಯ, ಯೋಚಿಸಿ.

ಜಗಳ ಅಲ್ಲಿಗೇ ನಿಲ್ಲಲಿಲ್ಲ. ದ್ವೈತದ ಕಡೆಯಿಂದ ವ್ಯಾಸ ರಾಮಾಚಾರ್ಯರು ‘ತರಂಗಿಣಿ’ ಬರೆದು ಅದ್ವೈತಸಿದ್ಧಿಯನ್ನು ಖಂಡಿಸಿದರು. ಇವರ ಬಗ್ಗೆ ಒಂದು ಕಥೆ ಇದೆ. ಇವರು ಗುರುತು ಮರೆಸಿಕೊಂಡು ಕಾಶಿಗೆ ಹೋಗಿ, ಮಧುಸೂದನರ ಶಿಷ್ಯರಾಗಿಯೇ ಕೂತು, ಅದ್ವೈತಸಿದ್ಧಿಯನ್ನು ಅವರಿಂದಲೇ ಪಾಠ ಹೇಳಿಸಿಕೊಂಡು, ಆಮೇಲೆ ಖಂಡನೆ ಬರೆದರಂತೆ. ಕಥೆ ಇರಬಹುದು. ಆದರೆ ಒಂದು ಸಮಾಜ ಯಾವುದನ್ನು ಮೆಚ್ಚುತ್ತದೆ ಅನ್ನುವುದು ಅದರ ಕಥೆಗಳಲ್ಲಿ ಕಾಣುತ್ತದೆ. ಖಂಡಿಸುವ ಮೊದಲು ಆ ಗ್ರಂಥವನ್ನು ಅದರ ಕರ್ತೃವಿನಿಂದಲೇ ಕಲಿತು ಬಂದ ಅನ್ನುವುದು ಈ ಕಥೆಯಲ್ಲಿ ಹೊಗಳಿಕೆಯ ಮಾತು. ತರಂಗಿಣಿಗೆ ಮತ್ತೆ ಅದ್ವೈತದ ಕಡೆಯಿಂದ ಬ್ರಹ್ಮಾನಂದ ಸರಸ್ವತಿ ಉತ್ತರ ಕೊಟ್ಟರು. ಹೀಗೆ ತಲೆಮಾರುಗಳವರೆಗೆ ಪುಸ್ತಕಕ್ಕೆ ಪುಸ್ತಕವೇ ಉತ್ತರ.

ಈ ಜಗಳದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೂ ಒಂದಿದೆ. ಜಗತ್ತು ಮಿಥ್ಯೆ ಎಂದು ಅಷ್ಟು ಕಟ್ಟುನಿಟ್ಟಾಗಿ ವಾದಿಸಿದ ಮಧುಸೂದನರು ದೊಡ್ಡ ಕೃಷ್ಣಭಕ್ತರು. ಕೈಯಲ್ಲಿ ಕೊಳಲು ಹಿಡಿದ ಕೃಷ್ಣನನ್ನು ವರ್ಣಿಸುವ ಅವರದೊಂದು ಪ್ರಸಿದ್ಧ ಶ್ಲೋಕ ಇದೆ. ಕೃಷ್ಣನಿಗಿಂತ ಮೇಲಿನ ತತ್ವ ಯಾವುದೂ ನನಗೆ ಗೊತ್ತಿಲ್ಲ ಎಂದು ಅದು ಮುಗಿಯುತ್ತದೆ. ಅಂದರೆ ಎರಡೂ ಕಡೆಯವರು ಕೈ ಮುಗಿಯುತ್ತಿದ್ದದ್ದು ಅದೇ ಕೃಷ್ಣನಿಗೆ. ಆದರೂ ಒಬ್ಬರ ವಾದದಲ್ಲಿ ಇದ್ದ ಬಿರುಕನ್ನು ಇನ್ನೊಬ್ಬರು ಬಿಡಲಿಲ್ಲ. ನಮ್ಮ ದೇವರು ಒಂದೇ ಅಲ್ವಾ, ಸುಮ್ನೆ ಯಾಕೆ ಜಗಳ ಅಂತ ಯಾರೂ ಮುಚ್ಚಿಹಾಕಲಿಲ್ಲ. ಭಕ್ತಿ ಇದೆ ಅನ್ನುವ ಕಾರಣಕ್ಕೆ ತರ್ಕಕ್ಕೆ ರಿಯಾಯಿತಿ ಸಿಗಲಿಲ್ಲ.

ಹೀಗೆ ಮಾಡುವುದಕ್ಕೆ ಅವರಿಗೆ ಧೈರ್ಯ ಎಲ್ಲಿಂದ ಬಂತು? ಉತ್ತರ ಬೃಹದಾರಣ್ಯಕ ಉಪನಿಷತ್ತಿನಲ್ಲಿ ಇದೆ. ಯಾಜ್ಞವಲ್ಕ್ಯರು ಹೆಂಡತಿ ಮೈತ್ರೇಯಿಗೆ ಹೇಳುತ್ತಾರೆ: ಆತ್ಮದ ಬಗ್ಗೆ ಕೇಳಬೇಕು, ಯೋಚಿಸಬೇಕು, ಧ್ಯಾನಿಸಬೇಕು. ಶ್ರವಣ, ಮನನ, ನಿದಿಧ್ಯಾಸನ. ಕೇಳಿದ ಮೇಲೆ ನೇರವಾಗಿ ಧ್ಯಾನಕ್ಕೆ ಹಾರುವಂತಿಲ್ಲ. ನಡುವೆ ಯೋಚಿಸುವ ಮೆಟ್ಟಿಲು ಇದೆ. ಕೇಳಿದ್ದು ನಿಲ್ಲುತ್ತದೆಯೇ, ಅದಕ್ಕೆ ಬರುವ ಆಕ್ಷೇಪಗಳಿಗೆ ಉತ್ತರ ಇದೆಯೇ ಎಂದು ತಿರುವಿ ನೋಡುವ ಮೆಟ್ಟಿಲು. ಸುಮಾರು ಸಾವಿರ ವರ್ಷದ ಹಿಂದೆ ಉದಯನಾಚಾರ್ಯ ಎಂಬ ತಾರ್ಕಿಕರು ದೇವರಿದ್ದಾನೆ ಎಂದು ವಾದಿಸಲು ‘ನ್ಯಾಯಕುಸುಮಾಂಜಲಿ’ ಬರೆದರು. ಅದರ ಆರಂಭದಲ್ಲೇ ಅವರು ಹೇಳುತ್ತಾರೆ: ದೇವರ ಬಗೆಗಿನ ಈ ತರ್ಕದ ಚರ್ಚೆಗೆ ಮನನ ಎಂದು ಹೆಸರು, ಶ್ರವಣದ ನಂತರ ಬರುವ ಇದೂ ಉಪಾಸನೆಯೇ. ತರ್ಕ ಮಾಡುವುದು ಪೂಜೆಗೆ ಅಡ್ಡಿ ಅಂತ ಅವರಿಗೆ ಅನ್ನಿಸಲೇ ಇಲ್ಲ.

ಉದಯನರ ಬಗ್ಗೆಯೂ ಒಂದು ಕಥೆ ಹೇಳುತ್ತಾರೆ. ಅವರು ಪುರಿ ಜಗನ್ನಾಥನ ದರ್ಶನಕ್ಕೆ ಹೋದಾಗ ಬಾಗಿಲು ಮುಚ್ಚಿತ್ತಂತೆ. ಅವರು ದೇವರಿಗೇ ಹೇಳಿದರಂತೆ: ‘ಐಶ್ವರ್ಯದ ಮದದಲ್ಲಿ ನನ್ನನ್ನು ಕಡೆಗಣಿಸುತ್ತಿದ್ದೀಯಾ. ಬೌದ್ಧರು ವಾದಕ್ಕೆ ಬಂದಾಗ ನೀನು ಇದ್ದೀಯೋ ಇಲ್ಲವೋ ಅನ್ನುವುದು ನನ್ನ ಕೈಯಲ್ಲಿದೆ.’ ಇಷ್ಟು ಸಲಿಗೆಯಿಂದ ದೇವರ ಜೊತೆ ಮಾತಾಡಿದವರನ್ನು ಪರಂಪರೆ ಧರ್ಮದ್ರೋಹಿ ಅನ್ನಲಿಲ್ಲ, ಆಚಾರ್ಯ ಅಂದಿತು. ಅವರಿಗೂ ಮುಂಚೆ ಕುಮಾರಿಲ ಭಟ್ಟರು ಇದ್ದರು. ವೇದವನ್ನು ಅವರಷ್ಟು ಗಟ್ಟಿಯಾಗಿ ಸಮರ್ಥಿಸಿದವರು ಕಡಿಮೆ. ಆದರೆ ಜಗತ್ತನ್ನು ಸೃಷ್ಟಿಸಿದ ದೇವರು ಒಬ್ಬನಿದ್ದಾನೆ ಅನ್ನುವುದನ್ನು ಅವರು ಒಪ್ಪಲಿಲ್ಲ. ಕರುಣೆಯಿಂದ ಸೃಷ್ಟಿಸಿದ ಅನ್ನುತ್ತೀರಿ, ಸೃಷ್ಟಿಗೆ ಮೊದಲು ಕರುಣೆ ತೋರಿಸಲು ಯಾರಿದ್ದರು? ಕರುಣೆಯೇ ಕಾರಣವಾಗಿದ್ದರೆ ಇಷ್ಟು ದುಃಖ ಯಾಕಿದೆ? ಇದು ಯಾವುದೋ ನಾಸ್ತಿಕರ ಕರಪತ್ರದ ಮಾತಲ್ಲ. ವೈದಿಕ ಪರಂಪರೆಯ ದೊಡ್ಡ ಪಂಡಿತರೊಬ್ಬರು ಸಾವಿರದ ಮುನ್ನೂರು ವರ್ಷಗಳ ಹಿಂದೆ ಕೇಳಿದ್ದು.

ಇವತ್ತು ನಾವು ಕೇಳಿದ ಕೂಡಲೇ ಕೈ ಮುಗಿಯುತ್ತೇವೆ. ಇಲ್ಲವೇ ಕೇಳಿದ ಕೂಡಲೇ ನಗುತ್ತೇವೆ. ನಡುವಿನ ಮೆಟ್ಟಿಲು ಎರಡೂ ಕಡೆಯವರಿಗೆ ತಪ್ಪಿಹೋಗಿದೆ. ನನ್ನ ಸಂಕಟ ಇದೇ. ಆ ಮೆಟ್ಟಿಲನ್ನು ಯಾವ ದೇಶದಿಂದಲೂ ತರಬೇಕಾಗಿಲ್ಲ, ಅದು ನಮ್ಮ ಮನೆಯಲ್ಲೇ ಇದೆ.

ಈಗ ಸ್ವಲ್ಪ ಕಷ್ಟದ ಪ್ರಶ್ನೆ. ನಂಬಿಕೆ ಒಂದು ಹೇಳುತ್ತದೆ, ಕಣ್ಣಿಗೆ ಕಾಣುವುದು ಇನ್ನೊಂದು. ಆಗ ಯಾರ ಮಾತು ನಡೆಯಬೇಕು?

ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ ಇದಕ್ಕೆ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟಿದ್ದಾರೆ. ಬೆಂಕಿ ತಣ್ಣಗಿದೆ, ಬೆಂಕಿಗೆ ಬೆಳಕಿಲ್ಲ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗುವುದಿಲ್ಲ, ಅಂದರೆ ನಂಬಲು ಆಧಾರವಾಗುವುದಿಲ್ಲ. ನೂರು ವೇದವಾಕ್ಯಗಳು! ವೇದವೇ ಕೊನೆಯ ಮಾತು ಎಂದು ನಂಬಿದವರು ಹೀಗೆ ಹೇಳುತ್ತಾರೆ. ಅವರ ಲೆಕ್ಕ ಸ್ಪಷ್ಟ. ಬೆಂಕಿ ಬಿಸಿಯೋ ತಣ್ಣಗೋ ಅನ್ನುವುದನ್ನು ಹೇಳುವುದು ವೇದದ ಕೆಲಸ ಅಲ್ಲ. ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಕಣ್ಣಿಗೂ ಊಹೆಗೂ ಸಿಗದ ವಿಷಯದಲ್ಲಿ ಮಾತ್ರ ವೇದದ ಮಾತು.

ವೇದವಾಕ್ಯಗಳ ಅರ್ಥವನ್ನು ವಿಚಾರ ಮಾಡುವ ಮೀಮಾಂಸಕರಲ್ಲಿ ಒಂದು ಹಳೆಯ ಉದಾಹರಣೆ ಇದೆ. ಯಜ್ಞ ಮಾಡುವಾಗ ವೇದಿಕೆಯ ಮೇಲೆ ಒಂದು ಹಿಡಿ ದರ್ಭೆ ಹಾಸುತ್ತಾರೆ. ‘ಈ ದರ್ಭೆಯ ಹಿಡಿಯೇ ಯಜಮಾನ’ ಎಂದು ವೇದದಲ್ಲಿ ಒಂದು ವಾಕ್ಯ ಬರುತ್ತದೆ. ಯಜಮಾನ ಅಂದರೆ ಯಜ್ಞ ಮಾಡಿಸುವವನು. ಹುಲ್ಲು ಮನುಷ್ಯನಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ. ಹಾಗಾದರೆ ಏನು ಮಾಡುವುದು? ಕಣ್ಣು ಮುಚ್ಚಿಕೊಂಡು ಹುಲ್ಲನ್ನು ಮನುಷ್ಯ ಎಂದು ನಂಬಿ ಅಂತ ಅವರು ಹೇಳಲಿಲ್ಲ. ಇದನ್ನು ಹೊಗಳಿಕೆಯ ಮಾತು ಎಂದು ತಿಳಿಯಿರಿ, ಹುಲ್ಲು ಯಜಮಾನನ ಕೆಲಸಕ್ಕೆ ಒದಗುತ್ತದೆ ಅನ್ನುವ ಅರ್ಥ ಮಾಡಿಕೊಳ್ಳಿ ಅಂದರು. ಶಾಸ್ತ್ರವನ್ನು ಬಿಡಲಿಲ್ಲ, ಕಣ್ಣನ್ನೂ ಬಿಡಲಿಲ್ಲ.

ವ್ಯಾಸರಾಯರು ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ದರು. ಮಧ್ವ ಪರಂಪರೆಯಲ್ಲಿ ‘ಉಪಜೀವ್ಯ’ ಎಂಬ ವಿಚಾರ ಇದೆ. ಒಂದು ತಿಳಿವಳಿಕೆ ಇನ್ನೊಂದನ್ನು ನೆಚ್ಚಿಕೊಂಡು ನಿಂತಿದ್ದರೆ, ನೆಚ್ಚಿಕೊಂಡದ್ದು ತನ್ನ ಆಧಾರವನ್ನೇ ಸುಳ್ಳು ಅನ್ನುವಂತಿಲ್ಲ. ವೇದವಾಕ್ಯವನ್ನು ನೀವು ಕಿವಿಯಿಂದ ಕೇಳಿದ್ದೀರಿ. ಪದಗಳ ಅರ್ಥವನ್ನು ಜಗತ್ತನ್ನು ನೋಡಿ ಕಲಿತಿದ್ದೀರಿ. ಈಗ ಆ ವಾಕ್ಯವನ್ನು ಹಿಡಿದುಕೊಂಡು ಕಣ್ಣು ಕಿವಿ ಹೇಳುವುದೆಲ್ಲ ಸುಳ್ಳು ಅಂದರೆ, ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ. ಅದ್ವೈತಿಗಳ ಹತ್ತಿರ ಇದಕ್ಕೆ ಉತ್ತರ ಇದೆ, ಅದು ಸಣ್ಣ ಉತ್ತರವೂ ಅಲ್ಲ. ವ್ಯವಹಾರಕ್ಕೆ ಬೇಕಾದಷ್ಟು ನಿಜವನ್ನು ನಾವೂ ಒಪ್ಪುತ್ತೇವೆ, ವೇದ ಕೇಳಲು ಅಷ್ಟು ಸಾಕು ಅನ್ನುತ್ತಾರೆ ಅವರು. ಯಾರು ಗೆದ್ದರು ಎಂದು ನಾನು ತೀರ್ಪು ಕೊಡುವುದಿಲ್ಲ. ಆದರೆ ಉಪಜೀವ್ಯದ ಈ ನಿಯಮವನ್ನು ನೆನಪಿಟ್ಟುಕೊಳ್ಳಿ. ಈಗ ನಾನೂರು ವರ್ಷ ದಾಟಿ ಬೆಂಗಳೂರಿಗೆ ಬರುತ್ತೇನೆ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಡಾ. ಎಚ್. ನರಸಿಂಹಯ್ಯನವರು. ಎಲ್ಲರೂ ಎಚ್ಚೆನ್ ಅನ್ನುತ್ತಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬಡತನದಲ್ಲಿ ಓದಿ, 1942ರ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದು, ಅಮೆರಿಕದ ಒಹಾಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಖಾದಿ ಉಟ್ಟು, ಮದುವೆಯಾಗದೆ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದರು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಅನ್ನುವುದು ಅವರು ವಿದ್ಯಾರ್ಥಿಗಳಿಗೆ ಜೀವನಪೂರ್ತಿ ಹೇಳಿದ ಮಾತು. ಆ ವರ್ಷ ಅವರು ಪವಾಡಗಳನ್ನೂ, ಪರೀಕ್ಷಿಸಲು ಸಾಧ್ಯವಾಗುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ವಿಶ್ವವಿದ್ಯಾಲಯದ ವತಿಯಿಂದ ಒಂದು ಸಮಿತಿ ಮಾಡಿದರು. ಪರೀಕ್ಷಿಸಲು ಸಾಧ್ಯವಾಗುವ ಅನ್ನುವ ಮಾತನ್ನು ಗಮನಿಸಿ. ದೇವರಿದ್ದಾನೋ ಇಲ್ಲವೋ ಅನ್ನುವುದನ್ನು ತನಿಖೆ ಮಾಡಲು ಆ ಸಮಿತಿ ಹೊರಡಲಿಲ್ಲ.

ಸಮಿತಿ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆಯಿತು. ಕೈಯಿಂದ ವಿಭೂತಿ, ಉಂಗುರ ಬರಿಸುತ್ತಾರೆ ಎಂದು ಲಕ್ಷಾಂತರ ಜನ ನಂಬಿದ್ದರು. ಅದನ್ನು ನಮ್ಮ ಮುಂದೆ, ನಾವು ಹೇಳುವ ಷರತ್ತುಗಳಲ್ಲಿ ಮಾಡಿ ತೋರಿಸಿ ಎಂದು ಕೇಳಿತು. ಅವರು ಒಪ್ಪಲಿಲ್ಲ. ವಿಜ್ಞಾನ ಇಂದ್ರಿಯಗಳಿಗೆ ಸಿಗುವುದನ್ನು ಮಾತ್ರ ವಿಚಾರಿಸಬೇಕು, ಅಧ್ಯಾತ್ಮ ಇಂದ್ರಿಯಗಳನ್ನು ಮೀರಿದ್ದು ಎಂಬ ಅರ್ಥದ ಉತ್ತರ ಒಂದು ಸಂದರ್ಶನದಲ್ಲಿ ಬಂತು. ದೊಡ್ಡ ವಿವಾದ ಆಯಿತು. 1977ರಲ್ಲಿ ಸಮಿತಿ ಮುಗಿಯಿತು.

ಆ ಉತ್ತರವನ್ನು ನಾನು ತಳ್ಳಿಹಾಕುವುದಿಲ್ಲ. ಅಧ್ಯಾತ್ಮ ಇಂದ್ರಿಯಗಳನ್ನು ಮೀರಿದ್ದು ಅನ್ನುವ ಮಾತನ್ನು ಶಂಕರರೂ ಒಪ್ಪುತ್ತಾರೆ, ವ್ಯಾಸರಾಯರೂ ಒಪ್ಪುತ್ತಾರೆ. ಒಬ್ಬ ಭಕ್ತನಿಗೆ ತನ್ನ ಗುರುವಿನ ಎದುರು ಸಿಗುವ ನೆಮ್ಮದಿಯನ್ನು ಯಾವ ಪ್ರಯೋಗಶಾಲೆಯೂ ಅಳೆಯಲಾರದು. ಆದರೆ ವಿಭೂತಿ ಇಂದ್ರಿಯವನ್ನು ಮೀರಿದ್ದಲ್ಲ. ಅದನ್ನು ಜನ ಕಣ್ಣಿಂದ ನೋಡಿದರು, ಬೆರಳಿಂದ ಮುಟ್ಟಿದರು, ಹಣೆಗೆ ಹಚ್ಚಿಕೊಂಡರು. ನೋಡಿದ್ದರಿಂದಲೇ ನಂಬಿದರು. ಕಣ್ಣನ್ನು ಸಾಕ್ಷಿಗೆ ಕರೆದವರು, ಅದೇ ಕಣ್ಣು ಹತ್ತಿರ ಬಂದು ನೋಡುತ್ತೇನೆ ಅಂದಾಗ ಬೇಡ ಅನ್ನುವಂತಿಲ್ಲ. ಇದು ಪಶ್ಚಿಮದಿಂದ ಬಂದ ವಿಚಾರವಾದ ಅಲ್ಲ. ವ್ಯಾಸರಾಯರ ಉಪಜೀವ್ಯದ ನಿಯಮವೇ ಇಲ್ಲಿ ಕೆಲಸ ಮಾಡುತ್ತದೆ. ಎಚ್ಚೆನ್ ಅವರ ಪತ್ರ ಆ ಹಳೆಯ ಪರಂಪರೆಗೆ ಸೇರಿದ್ದು ಎಂದು ನಾನು ಮನಸಾರೆ ನಂಬುತ್ತೇನೆ.

ವಿಚಾರವಾದಿಗಳಿಗೂ ಒಂದು ಮಾತು ಹೇಳಬೇಕು. ನಾನು ಆ ಕಡೆಯ ಸಭೆಗಳಲ್ಲೂ ಕೂತಿದ್ದೇನೆ. ಅಲ್ಲಿ ಭಕ್ತರನ್ನು ದಡ್ಡರು ಅನ್ನುವುದು ಜಾಸ್ತಿ. ವ್ಯಾಸರಾಯರು ದಡ್ಡರೇ? ಉದಯನರು ದಡ್ಡರೇ? ನಂಬುವವರ ವಾದವನ್ನು ಅವರೇ ಕೇಳಿ, ಹೌದು, ನಾನು ಹೇಳುವುದು ಇದನ್ನೇ ಅನ್ನುವ ಹಾಗೆ ಮೊದಲು ಹೇಳಲು ಬರಬೇಕು. ಆಮೇಲೆ ಖಂಡನೆ. ಎದುರಾಳಿಯ ವಾದವನ್ನು ಹೀಗೆ ಮೊದಲು ಮುಂದಿಡುವುದಕ್ಕೆ ಪೂರ್ವಪಕ್ಷ ಅನ್ನುತ್ತಾರೆ. ಆ ಶಿಸ್ತು ಎರಡೂ ಕಡೆಗೆ ಬೇಕು. ತರ್ಕಕ್ಕೂ ತನ್ನ ಮಿತಿ ಇದೆ. ಒಬ್ಬ ಬುದ್ಧಿವಂತ ಕಟ್ಟಿದ ತರ್ಕವನ್ನು ಇನ್ನೊಬ್ಬ ಬುದ್ಧಿವಂತ ಕೆಡವುತ್ತಾನೆ, ಹಾಗಾಗಿ ಬರೀ ತರ್ಕವನ್ನು ನೆಚ್ಚಬೇಡಿ ಎಂದು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಹೇಳುತ್ತಾರೆ. ಅಲ್ಲೇ ಎದುರಾಳಿಯ ಮಾತನ್ನೂ ಬರೆಯುತ್ತಾರೆ: ತರ್ಕ ನಿಲ್ಲುವುದಿಲ್ಲ ಅಂತ ನೀವು ಸಾಧಿಸಿದ್ದೂ ತರ್ಕದಿಂದಲೇ ಅಲ್ಲವೇ? ತರ್ಕವನ್ನೇ ಬಿಟ್ಟರೆ ಲೋಕದ ವ್ಯವಹಾರವೇ ನಿಂತುಹೋಗುತ್ತದಲ್ಲ? ತಮ್ಮ ವಾದಕ್ಕೆ ಬರುವ ಅತಿ ಬಲವಾದ ಆಕ್ಷೇಪವನ್ನು ತಾವೇ ಬರೆದಿಟ್ಟು, ಕೆಲವು ವಿಷಯಗಳಲ್ಲಿ ತರ್ಕ ನಿಲ್ಲುತ್ತದೆ ಎಂದು ಒಪ್ಪಿ, ಬ್ರಹ್ಮದ ವಿಷಯದಲ್ಲಿ ಮಾತ್ರ ಇಲ್ಲ ಅನ್ನುತ್ತಾರೆ. ಆ ಕೊನೆಯ ಮಾತನ್ನು ನೀವು ಒಪ್ಪದಿರಬಹುದು. ಆ ನಡೆಯನ್ನು ಮೆಚ್ಚದೆ ಇರಲು ಆಗುವುದಿಲ್ಲ.

ಹಾಗಾದರೆ ಈ ಮೆಟ್ಟಿಲು ತಪ್ಪಿದ್ದು ಯಾವಾಗ, ಯಾಕೆ? ನನಗೆ ಕಾಣುವ ದೊಡ್ಡ ಕಾರಣ ಭಯ. ಅದಕ್ಕೆ ಗ್ರಹಣದ ಕಥೆ ನೋಡಿ. ಕ್ರಿ.ಶ. 499ರಲ್ಲೇ ಆರ್ಯಭಟ ಬರೆದಿದ್ದ: ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮುಚ್ಚುತ್ತದೆ. 628ರಲ್ಲಿ ಬ್ರಹ್ಮಗುಪ್ತ ತನ್ನ ಗ್ರಂಥ ಬರೆದ. ಅವನೂ ಗ್ರಹಣವನ್ನು ಲೆಕ್ಕ ಹಾಕಿದ್ದು ನೆರಳಿನಿಂದಲೇ. ಆದರೆ ರಾಹು ಇಲ್ಲ ಅನ್ನುವವರು ವೇದ ಸ್ಮೃತಿಗಳಿಗೆ ವಿರುದ್ಧ ಎಂದು ಟೀಕಿಸಿದ. ಅವನ ಗಣಿತ ಒಂದು ಹೇಳುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ಇದನ್ನು ಓದಿ ನೊಂದುಕೊಂಡ. ಇಷ್ಟು ದೊಡ್ಡ ಗಣಿತಜ್ಞ ಹೀಗೆ ಯಾಕೆ ಬರೆದ? ಸಾಕ್ರೆಟಿಸ್‌ಗೆ ಬಂದಂಥ ಗತಿ, ಅಂದರೆ ವಿಚಾರ ಹೇಳಿದ್ದಕ್ಕೆ ಮರಣದಂಡನೆ, ತನಗೂ ಬಂದೀತು ಎಂದು ಹೆದರಿ ಬರೆದಿರಬಹುದು ಎಂದು ಊಹಿಸಿದ.

ಅದೇ ಕಾಲದ ಆಸುಪಾಸಿನಲ್ಲಿ ಇಸ್ಲಾಮಿನೊಳಗೂ ಇದೇ ಪ್ರಶ್ನೆ ಇತ್ತು. 1111ರಲ್ಲಿ ತೀರಿಕೊಂಡ ಅಲ್ ಗಝಾಲಿ ತತ್ವಜ್ಞಾನಿಗಳನ್ನು ಕಟುವಾಗಿ ಖಂಡಿಸಿದ ಧರ್ಮಪಂಡಿತ. ಆದರೆ ಆ ಖಂಡನೆಯ ಪೀಠಿಕೆಯಲ್ಲೇ ಅವನು ಎಚ್ಚರಿಸುತ್ತಾನೆ: ಗ್ರಹಣದ ಬಗ್ಗೆ ಖಗೋಳಜ್ಞರು ಹೇಳುವುದು ಗಣಿತದಿಂದ ಸಾಬೀತಾಗಿದೆ, ಅದನ್ನು ಅಲ್ಲಗಳೆಯುವುದೇ ಧರ್ಮರಕ್ಷಣೆ ಅಂದುಕೊಂಡವನು ಧರ್ಮಕ್ಕೇ ಕೇಡು ಮಾಡುತ್ತಾನೆ. ಇದಕ್ಕೆ ಪ್ರವಾದಿಗಳ ಮಾತಿನ ಬಲವೂ ಇತ್ತು. ಅವರ ಮಗು ಇಬ್ರಾಹಿಂ ತೀರಿಕೊಂಡ ದಿನ ಸೂರ್ಯಗ್ರಹಣ ಆಯಿತು. ಮಗುವಿನ ಸಾವಿಗೆ ಸೂರ್ಯನೂ ಮಂಕಾದ ಎಂದು ಜನ ಮಾತಾಡಿಕೊಂಡರು. ಸೂರ್ಯ ಚಂದ್ರರಿಗೆ ಯಾರ ಸಾವಿನಿಂದಲೂ ಹುಟ್ಟಿನಿಂದಲೂ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ತಿದ್ದಿದರು. ಮಗುವನ್ನು ಕಳೆದುಕೊಂಡ ತಂದೆ, ತನ್ನ ದುಃಖವನ್ನು ಹಿರಿದು ಮಾಡುವ ಮಾತನ್ನೇ ತಳ್ಳಿದರು. ಈ ಪ್ರಸಂಗ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಈಗ 2019ರ ಡಿಸೆಂಬರ್ 26. ಕಂಕಣ ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆ ಮಕ್ಕಳು ಗ್ರಹಣದ ಕನ್ನಡಕ ಹಾಕಿಕೊಂಡು ಬಳೆಯಂಥ ಸೂರ್ಯನನ್ನು ನೋಡಿ ಕುಣಿದರು. ಅದೇ ಬೆಳಿಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಹಾಗೆ ಮಾಡಿದರೆ ಅಂಗವೈಕಲ್ಯ ಹೋಗುತ್ತದೆ ಅನ್ನುವ ನಂಬಿಕೆ. ಆ ತಂದೆ ತಾಯಿಯರನ್ನು ನಾನು ಬೈಯುವುದಿಲ್ಲ. ಮಗುವಿಗೆ ಎಲ್ಲೂ ಗುಣವಾಗದೆ ಕಂಗೆಟ್ಟವರು ಅವರು. ಆದರೆ ಬೆಂಕಿ ತಣ್ಣಗಿದೆ ಎಂದು ಯಾರೋ ಅವರಿಗೆ ಹೇಳಿದ್ದರು. ಕೈಯಿಟ್ಟು ನೋಡಿ ಅಂತ ಹೇಳುವವರು ಊರಿನಲ್ಲಿ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾನೂನು 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಪೂಜೆ, ಪ್ರದಕ್ಷಿಣೆ, ತೀರ್ಥಯಾತ್ರೆ, ಹರಿಕಥೆಗಳನ್ನು ಅದು ಮುಟ್ಟುವುದಿಲ್ಲ. ಕಾನೂನು ಬೇಕು. ಆದರೆ ಮನನವನ್ನು ಕಾನೂನು ಕಲಿಸಲಾರದು.

ಹಳೆಯ ಕಾಲವನ್ನು ನಾನು ಹೊಗಳಿದ್ದು ಜಾಸ್ತಿ ಆಯಿತು. ಇನ್ನೊಂದು ಮುಖವನ್ನೂ ಹೇಳಬೇಕು. ವ್ಯಾಸರಾಯರ ವಾದಸಭೆಯಲ್ಲಿ ಯಾರು ಕೂರಬಹುದಿತ್ತು? ಸಂಸ್ಕೃತ ಬಲ್ಲವರು, ಅದೂ ಕೆಲವೇ ಜಾತಿಯ ಗಂಡಸರು. ಮನನದ ಮೆಟ್ಟಿಲು ಇತ್ತು, ಹತ್ತಲು ಎಲ್ಲರಿಗೂ ಬಿಡುತ್ತಿರಲಿಲ್ಲ. ಕನಕದಾಸರನ್ನು ವ್ಯಾಸರಾಯರು ಹತ್ತಿರ ಸೇರಿಸಿಕೊಂಡಾಗ ಮಠದಲ್ಲಿ ಗೊಣಗಾಟ ಇತ್ತು ಎಂದು ಪರಂಪರೆಯೇ ಹೇಳುತ್ತದೆ. ಬಾಳೆಹಣ್ಣಿನ ಕಥೆ ನೀವು ಚಿಕ್ಕಂದಿನಿಂದ ಕೇಳಿದ್ದೀರಿ. ಯಾರೂ ಇಲ್ಲದ ಕಡೆ ತಿಂದು ಬನ್ನಿ ಎಂದು ಗುರುಗಳು ಹೇಳಿದರು. ಎಲ್ಲರೂ ತಿಂದು ಬಂದರು, ಕನಕ ಹಣ್ಣನ್ನು ವಾಪಸ್ ತಂದ. ಇದನ್ನು ಭಕ್ತಿಯ ಕಥೆ ಎಂದು ಹೇಳುತ್ತೇವೆ. ನಾನು ಇದನ್ನು ತರ್ಕದ ಕಥೆ ಎಂದು ಓದುತ್ತೇನೆ. ದೇವರು ಎಲ್ಲ ಕಡೆ ಇದ್ದಾನೆ ಎಂದು ಎಲ್ಲ ಶಿಷ್ಯರೂ ಒಪ್ಪಿದ್ದರು. ಹಾಗಿದ್ದರೆ ಯಾರೂ ಇಲ್ಲದ ಜಾಗವೇ ಇಲ್ಲ ಅನ್ನುವುದು ಅದರಿಂದ ಬರಲೇಬೇಕಾದ ತೀರ್ಮಾನ. ಒಪ್ಪಿದ ನಂಬಿಕೆಯನ್ನು ಕೊನೆಯವರೆಗೆ ಯೋಚಿಸಿದವರು ಕನಕದಾಸರೊಬ್ಬರೇ. ಶಾಸ್ತ್ರ ಓದಿದ ಉಳಿದವರು ಕೇಳಿದ್ದನ್ನು ನೆನಪಿಟ್ಟುಕೊಂಡಿದ್ದರು, ಅಷ್ಟೇ.

ಅದಕ್ಕೂ ಮುನ್ನೂರು ವರ್ಷ ಮೊದಲು ಕಲ್ಯಾಣದ ಶರ‍ಣರು ಆ ಬಾಗಿಲನ್ನು ಇನ್ನೂ ಅಗಲವಾಗಿ ತೆರೆದಿದ್ದರು. ಸಂಸ್ಕೃತ ಬೇಡ, ಕನ್ನಡ ಸಾಕು ಅಂದರು. ಶರಣರ ಸಂವಾದಗಳನ್ನು ಹೇಳುವ ‘ಶೂನ್ಯಸಂಪಾದನೆ’ ಗ್ರಂಥದಲ್ಲಿ ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭು ಸುಮ್ನೆ ಸ್ವಾಗತ ಮಾಡುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ. ದೇಹದ ಹಂಗು ಬಿಟ್ಟಿದ್ದರೆ ಕೂದಲಿನಿಂದ ಮುಚ್ಚಿಕೊಂಡದ್ದು ಯಾಕೆ ಎಂದೂ ಕೇಳುತ್ತಾನೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟೇ ಒಳಗೆ ಬರುತ್ತಾಳೆ.

ಆ ಶರಣರ ವಚನಗಳನ್ನು ಸಂಶೋಧಿಸಲು ಬದುಕನ್ನೇ ಕೊಟ್ಟವರು ಡಾ. ಎಂ.ಎಂ. ಕಲಬುರ್ಗಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ವ್ಯಾಸರಾಯರನ್ನು ಒಪ್ಪದವರು ಕಾಶಿಯಲ್ಲಿ ಕೂತು ಪುಸ್ತಕ ಬರೆದಿದ್ದರು. ನನಗೆ ಇದನ್ನು ಹೇಳುವಾಗ ಇವತ್ತಿಗೂ ಸಿಟ್ಟು ಬರುತ್ತದೆ, ಸಂಕಟವೂ ಆಗುತ್ತದೆ. ನಂಬಿಕೆ ಇದ್ದವರಿಗೆ ಈ ಸಿಟ್ಟು ಎಲ್ಲರಿಗಿಂತ ಮೊದಲು ಬರಬೇಕು. ಉತ್ತರ ಬರೆಯುವ ಶಕ್ತಿ ತನ್ನ ಧರ್ಮಕ್ಕೆ ಇಲ್ಲ ಎಂದು ಬಂದೂಕು ಹಿಡಿದವನು ಸಾರಿದ ಹಾಗಾಯಿತು. ಆ ಶಕ್ತಿ ಇದೆ ಎಂದು ನಾನು ಇಷ್ಟು ಹೊತ್ತು ಹೇಳಿದ್ದು.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.

(ಸಭಿಕರಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆ: ಹೀಗೆ ಎಲ್ಲವನ್ನೂ ಪ್ರಶ್ನಿಸುತ್ತಾ ಹೋದರೆ ಮಕ್ಕಳಲ್ಲಿ ನಂಬಿಕೆ ಉಳಿಯುತ್ತದೆಯೇ?)

ಕೆಲವರಲ್ಲಿ ಉಳಿಯುವುದಿಲ್ಲ ಸರ್. ಅದನ್ನು ನಾನು ಮುಚ್ಚಿಡುವುದಿಲ್ಲ. ಯೋಚಿಸುತ್ತಾ ಹೋಗಿ ದೇವರನ್ನು ಬಿಟ್ಟವರು ಇದ್ದಾರೆ, ಅವರಲ್ಲಿ ತುಂಬಾ ಒಳ್ಳೆಯ ಮನುಷ್ಯರಿದ್ದಾರೆ. ಯೋಚಿಸಿಯೂ ನಂಬಿಕೆ ಉಳಿಸಿಕೊಂಡವರು ಇದ್ದಾರೆ, ಅಂಥವರ ಕಥೆಯನ್ನೇ ಇವತ್ತು ಹೇಳಿದೆ. ಮೊದಲೇ ಫಲಿತಾಂಶ ಗೊತ್ತುಮಾಡಿಕೊಂಡು ಮಕ್ಕಳಿಗೆ ಯೋಚಿಸಿ ಅನ್ನುವುದು ಮೋಸ. ತಡೆದರೂ ಅವರು ಯೋಚಿಸುತ್ತಾರೆ. ನಮ್ಮಿಂದ ಬಚ್ಚಿಟ್ಟುಕೊಂಡು ಯೋಚಿಸುತ್ತಾರೆ. ನಮ್ಮ ಎದುರಿಗೇ ಕೇಳಲಿ, ನಮಗೆ ಉತ್ತರ ಗೊತ್ತಿದ್ದರೆ ಹೇಳೋಣ, ಇಲ್ಲದಿದ್ದರೆ ಗೊತ್ತಿಲ್ಲ ಅನ್ನೋಣ.

(ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ: ನಮ್ಮಜ್ಜಿಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋತಾರೆ. ಆದರೂ ಏಕಾದಶಿಗೆ ನೀರೂ ಕುಡಿಯದೆ ಉಪವಾಸ ಮಾಡುತ್ತಾರೆ. ನಾನು ಏನಾದರೂ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?)

ಇದು ಇವತ್ತಿನ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಕಣಮ್ಮಾ. ಉಪವಾಸ ಮೂಢನಂಬಿಕೆ ಅಂತ ಅಜ್ಜಿಗೆ ಹೇಳಬೇಡ. ಅವರು ನಿನ್ನ ಮಾತು ಕೇಳುವುದನ್ನೇ ನಿಲ್ಲಿಸುತ್ತಾರೆ. ಆದರೆ ಸುಮ್ಮನೆಯೂ ಇರಬೇಡ. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯ ಆಗಬಹುದು. ಮುಂದಿನ ಏಕಾದಶಿಗೆ ಮೊದಲೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಉಪವಾಸದ ವಿಷಯವನ್ನು ಡಾಕ್ಟರ ಮುಂದೆ ಅಜ್ಜಿಯೇ ಹೇಳಲಿ. ಇನ್ಸುಲಿನ್ ಎಷ್ಟು, ಯಾವಾಗ ಅನ್ನುವುದನ್ನು ಡಾಕ್ಟರೇ ಹೇಳಬೇಕು, ನೀವಾಗಿ ಬದಲಾಯಿಸಬೇಡಿ. ಆಮೇಲೆ ಅವರು ನಂಬುವ ಆಚಾರ್ಯರ ಹತ್ತಿರವೂ ಕರೆದುಕೊಂಡು ಹೋಗು. ಕಾಯಿಲೆಯವರಿಗೆ, ವಯಸ್ಸಾದವರಿಗೆ ಉಪವಾಸದಿಂದ ವಿನಾಯಿತಿ ಧರ್ಮಶಾಸ್ತ್ರದಲ್ಲೇ ಇದೆ. ರಂಜಾನ್ ಉಪವಾಸದಲ್ಲೂ ಕಾಯಿಲೆಯವರಿಗೆ, ಪ್ರಯಾಣದಲ್ಲಿ ಇರುವವರಿಗೆ ಕುರಾನೇ ವಿನಾಯಿತಿ ಕೊಟ್ಟಿದೆ. ಆ ಮಾತನ್ನು ಆಚಾರ್ಯರ ಬಾಯಿಂದ ಕೇಳಿದರೆ ಅಜ್ಜಿಗೆ ತಾನು ದೇವರಿಗೆ ತಪ್ಪಿ ನಡೆದೆ ಅನ್ನುವ ನೋವು ಇರುವುದಿಲ್ಲ. ಅವತ್ತು ಬೆಳಿಗ್ಗೆ ತಿಂಡಿ ಮಾಡಿ ನೀನೇ ಬಡಿಸು, ಜೊತೆಗೆ ಕೂತು ನೀನೂ ತಿನ್ನು.